ಇಪ್ಪತ್ತು ಸೆಕೆಂಡು: ತ್ರೀ ಮೈಲ್ ಐಲ್ಯಾಂಡ್ ಅಪಘಾತದಲ್ಲಿ ಸುದ್ದಿ ಊರಿಗೆ ಮುಟ್ಟಿದ ಬಗೆ

1979ರ ಮಾರ್ಚ್ 28, ಬುಧವಾರ. ಬೆಳಗ್ಗೆ ಹನ್ನೊಂದರ ಹೊತ್ತು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಮಿಡಲ್‌ಟೌನ್ ಎಂಬ ಸಣ್ಣ ಪಟ್ಟಣದ ಮೇಯರ್ ರಾಬರ್ಟ್ ರೀಡ್ ಆಗಷ್ಟೇ ಫೋನು ಕೆಳಗಿಟ್ಟರು. ಊರಿನಿಂದ ಸುಮಾರು ಐದು ಕಿಲೋಮೀಟರ್ ದೂರದಲ್ಲಿ, ಸಸ್ಕ್ವೆಹಾನಾ ನದಿಯ ನಡುವಿನ ತ್ರೀ ಮೈಲ್ ಐಲ್ಯಾಂಡ್ ಎಂಬ ದ್ವೀಪದಲ್ಲಿ, ಅಣು ವಿದ್ಯುತ್ ಸ್ಥಾವರವಿದೆ. ಅಲ್ಲೇನೋ ಆಗಿದೆ ಎಂಬ ಸುದ್ದಿ ಬೆಳಗ್ಗೆಯಿಂದ ಓಡಾಡುತ್ತಿತ್ತು. ಮೇಯರ್ ನೇರವಾಗಿ ಸ್ಥಾವರದ ಕಂಪನಿಯ ಮುಖ್ಯ ಕಚೇರಿಗೇ ಫೋನ್ ಮಾಡಿ ಕೇಳಿದರು. ವಿಕಿರಣದ ಕಣಗಳು ಹೊರಗೆ ಬಂದಿಲ್ಲ, ಯಾರಿಗೂ ಪೆಟ್ಟಾಗಿಲ್ಲ ಎಂಬ ಉತ್ತರ ಬಂತು.

ರೀಡ್ ಅವರಿಗೆ ಸಮಾಧಾನವಾಯಿತು. ಕಚೇರಿಯಿಂದ ಹೊರಗೆ ಬಂದರು, ಕಾರು ಹತ್ತಿದರು, ರೇಡಿಯೋ ಹಾಕಿದರು. ವಿಕಿರಣದ ಕಣಗಳು ಹೊರಗೆ ಬಂದಿವೆ ಎಂದು ರೇಡಿಯೋ ಹೇಳುತ್ತಿತ್ತು. ಫೋನ್ ಇಟ್ಟು ಇಪ್ಪತ್ತು ಸೆಕೆಂಡು ಆಗಿತ್ತಷ್ಟೇ ಎಂದು ಅವರು ಆಮೇಲೆ ವಿಚಾರಣಾ ಆಯೋಗದ ಮುಂದೆ ಹೇಳಿದರು. ಅದೇ ದಿನ ಸಂಜೆ ನಾಲ್ಕಕ್ಕೆ ಬೆಳಗ್ಗೆ ಉತ್ತರ ಕೊಟ್ಟಿದ್ದ ಕಂಪನಿಯ ಮನುಷ್ಯನೇ ಅವರ ಮನೆಗೆ ಫೋನ್ ಮಾಡಿದ. ಬೆಳಗ್ಗೆ ಆಡಿದ ಮಾತಿಗೆ ಒಂದು ತಿದ್ದುಪಡಿ ಇದೆ ಎಂದ. ಕಣಗಳು ಹೊರಗೆ ಬಂದವು ಅಂತ ತಾನೇ ಹೇಳಲು ಹೊರಟಿದ್ದೀರಿ ಎಂದು ರೀಡ್ ಕೇಳಿದರು. ಹೌದು ಎಂದ. ನಿಮ್ಮ ಜೊತೆ ಮಾತು ಮುಗಿಸಿ ಇಪ್ಪತ್ತು ಸೆಕೆಂಡಿಗೇ ನನಗದು ಗೊತ್ತಾಯಿತು ಎಂದರು ರೀಡ್.

ಅಣು ಸ್ಥಾವರದ ಪಕ್ಕದ ಊರುಗಳಿಗೆ ತುರ್ತು ಸೂಚನೆ ಹೇಗೆ ಮುಟ್ಟಬೇಕು ಎಂಬ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಇಪ್ಪತ್ತು ಸೆಕೆಂಡು. ತ್ರೀ ಮೈಲ್ ಐಲ್ಯಾಂಡ್ ಬಗ್ಗೆ ಎಂಜಿನಿಯರುಗಳು ಬರೆದದ್ದು ಬೇಕಾದಷ್ಟಿದೆ. ಅದರಲ್ಲಿ ಹೆಚ್ಚಿನದು ವಾಲ್ವ್, ಪಂಪ್, ಕರಗಿದ ಇಂಧನದ ಕಥೆ. ನಾನಿಲ್ಲಿ ಹೇಳಹೊರಟಿರುವುದು ಬೇರೆ ಕಥೆ. ಸುದ್ದಿ ಯಾವ ದಾರಿಯಲ್ಲಿ ಹೊರಟಿತು, ಎಲ್ಲಿ ಸಿಕ್ಕಿಹಾಕಿಕೊಂಡಿತು, ಜನರ ಕಿವಿಗೆ ಬೀಳುವ ಹೊತ್ತಿಗೆ ಏನಾಗಿತ್ತು ಎಂಬುದು. ಆ ಐದು ದಿನಗಳಲ್ಲಿ ಜನರನ್ನು ನಿಜವಾಗಿ ಕಾಡಿದ್ದು ಇದೇ ಎಂದು ನಾನು ನಂಬಿದ್ದೇನೆ.

ಒಳಗೆ ಆದದ್ದು

ಇದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಬೆಳಗಿನ ಜಾವ ನಾಲ್ಕಕ್ಕೆ ಎರಡನೇ ಘಟಕದಲ್ಲಿ ನೀರು ಪೂರೈಸುವ ಪಂಪುಗಳು ನಿಂತವು. ರಿಯಾಕ್ಟರ್ ತಾನಾಗಿಯೇ ನಿಂತಿತು. ಒತ್ತಡ ಇಳಿಸಲು ತೆರೆದುಕೊಂಡ ಒಂದು ವಾಲ್ವ್ ಮುಚ್ಚಿಕೊಳ್ಳಬೇಕಿತ್ತು, ಮುಚ್ಚಿಕೊಳ್ಳಲಿಲ್ಲ. ಕಂಟ್ರೋಲ್ ರೂಮಿನ ದೀಪ ಮಾತ್ರ ಮುಚ್ಚಿದೆ ಎಂಬಂತೆ ತೋರಿಸುತ್ತಿತ್ತು. ಆ ದೀಪ ತೋರಿಸುತ್ತಿದ್ದುದು ಮುಚ್ಚು ಎಂಬ ಆದೇಶ ಹೋಗಿದೆ ಎಂಬುದನ್ನು. ವಾಲ್ವ್ ನಿಜಕ್ಕೂ ಮುಚ್ಚಿದೆಯೋ ಇಲ್ಲವೋ ಎಂಬುದನ್ನಲ್ಲ. ಎರಡು ಗಂಟೆಗೂ ಜಾಸ್ತಿ ಹೊತ್ತು ಅಲ್ಲಿಂದ ನೀರು ಸೋರಿತು. ನೀರು ಹೆಚ್ಚಾಗಿದೆ ಎಂದುಕೊಂಡ ಸಿಬ್ಬಂದಿ, ಒಳಗೆ ಬರುತ್ತಿದ್ದ ತುರ್ತು ನೀರನ್ನೂ ಕಡಿಮೆ ಮಾಡಿದರು. ಇಂಧನದ ಅರ್ಧದಷ್ಟು ಕರಗಿತು. ಹಾಗೆ ಕರಗಿದೆ ಎಂಬುದು ಖಚಿತವಾಗಲು ವರ್ಷಗಳೇ ಹಿಡಿದವು.

ಆ ದೀಪದ ವಿಷಯವನ್ನು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಿ. ಆದೇಶ ಹೊರಟಿದೆ ಎಂಬುದನ್ನು ಕೆಲಸ ಆಗಿದೆ ಎಂದು ತಿಳಿದುಕೊಳ್ಳುವ ತಪ್ಪು ಕಂಟ್ರೋಲ್ ರೂಮಿನ ಹೊರಗೂ ಆಗುತ್ತದೆ. ಹೇಳಿ ಕಳಿಸಿದ್ದೇವೆ ಎಂದುಕೊಂಡವರು, ಅದು ಮುಟ್ಟಿತೇ ಎಂದು ನೋಡಲಿಲ್ಲ.

ಸುದ್ದಿ ಹೊರಟ ಬೆಳಗ್ಗೆ

ಏಳು ಗಂಟೆಗೆ ಕೆಲವೇ ನಿಮಿಷ ಮೊದಲು ಸ್ಥಾವರದಲ್ಲಿ 'ಸೈಟ್ ಎಮರ್ಜೆನ್ಸಿ' ಘೋಷಿಸಿದರು. 7:24ಕ್ಕೆ ಅದು 'ಜನರಲ್ ಎಮರ್ಜೆನ್ಸಿ' ಆಯಿತು. ಅಂದರೆ ಸುತ್ತಲ ಜನರಿಗೂ ತೊಂದರೆ ಆಗಬಹುದು ಎಂಬ ಮಟ್ಟ.

7:02ಕ್ಕೆ ರಾಜ್ಯದ ತುರ್ತು ನಿರ್ವಹಣಾ ಸಂಸ್ಥೆಗೆ ಫೋನ್ ಹೋಯಿತು. ಅಲ್ಲಿ ಡ್ಯೂಟಿಯಲ್ಲಿದ್ದವರು ರಾಜ್ಯದ ವಿಕಿರಣ ರಕ್ಷಣಾ ವಿಭಾಗದ ಎಂಜಿನಿಯರ್ ವಿಲಿಯಂ ಡಾರ್ನ್‌ಸೈಫ್ ಅವರ ಮನೆಗೆ ಫೋನ್ ಮಾಡಿದರು. ಅವರು ಸ್ಥಾವರಕ್ಕೆ ಫೋನ್ ಹಚ್ಚಿದರು. ಮಾತಾಡುತ್ತಿರುವಾಗ ಹಿಂದೆ ಧ್ವನಿವರ್ಧಕದಲ್ಲಿ ಒಂದು ಕಟ್ಟಡ ಖಾಲಿ ಮಾಡಿ ಎಂಬ ಕೂಗು ಕೇಳಿಸಿತು. ಇದು ದೊಡ್ಡದೇ ಎಂದು ಆಗಲೇ ಅನ್ನಿಸಿತು ಎಂದು ಅವರು ಆಮೇಲೆ ಹೇಳಿದ್ದಾರೆ. ಅಲ್ಲಿಯವರೆಗೆ ಸರಪಳಿ ಸರಿಯಾಗೇ ಕೆಲಸ ಮಾಡಿತು. ಕಾಗದದಲ್ಲಿ ಇದ್ದ ಹಾಗೆ ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಯಿತು.

ಕೇಂದ್ರದ ಪರಮಾಣು ನಿಯಂತ್ರಣ ಆಯೋಗದ ಪ್ರಾದೇಶಿಕ ಕಚೇರಿಗೆ ಹೋದ ಫೋನಿನ ಗತಿ ಬೇರೆ. 7:04ಕ್ಕೆ ಮಾಡಿದ ಕರೆಯನ್ನು ಎತ್ತಿದ್ದು ಸಂದೇಶ ಬರೆದಿಟ್ಟುಕೊಳ್ಳುವ ಒಂದು ಸೇವೆ. ಕಚೇರಿ ಇನ್ನೂ ತೆರೆದಿರಲಿಲ್ಲ. ಡ್ಯೂಟಿ ಅಧಿಕಾರಿ ಮನೆ ಬಿಟ್ಟು ಕೆಲಸಕ್ಕೆ ಹೊರಟು ದಾರಿಯಲ್ಲಿದ್ದರು. ಆಗ ಮೊಬೈಲ್ ಇಲ್ಲವಲ್ಲ. ಮುಕ್ಕಾಲು ಗಂಟೆಯ ಹತ್ತಿರ, ದೇಶದ ಅಣು ಸ್ಥಾವರಗಳನ್ನೆಲ್ಲ ನೋಡಿಕೊಳ್ಳುವ ಸಂಸ್ಥೆಗೆ ಸುದ್ದಿ ಮುಟ್ಟಲಿಲ್ಲ. ಅಷ್ಟರಲ್ಲಿ ಜನರಲ್ ಎಮರ್ಜೆನ್ಸಿಯೂ ಘೋಷಣೆಯಾಗಿತ್ತು. ಇದರಲ್ಲಿ ಯಾರದೂ ಸೋಮಾರಿತನವಿಲ್ಲ. ಬೆಳಗ್ಗೆ ಏಳಕ್ಕೂ ಎಂಟಕ್ಕೂ ನಡುವೆ ಜನ ಮನೆಯಲ್ಲೂ ಇರುವುದಿಲ್ಲ, ಕಚೇರಿಯಲ್ಲೂ ಇರುವುದಿಲ್ಲ. ಯೋಜನೆ ಬರೆದವರು ಆ ಒಂದು ಗಂಟೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಊರಿನ ಜನರಿಗೆ ಗೊತ್ತಾದದ್ದು ಹೇಗೆ? ರಾಜಧಾನಿ ಹ್ಯಾರಿಸ್‌ಬರ್ಗ್‌ನಲ್ಲಿ ಡಬ್ಲ್ಯೂಕೆಬಿಓ ಎಂಬ ರೇಡಿಯೋ ಕೇಂದ್ರವಿತ್ತು. ಜನಪ್ರಿಯ ಹಾಡುಗಳನ್ನು ಹಾಕುವ ಕೇಂದ್ರ. ಅದರ ಟ್ರಾಫಿಕ್ ವರದಿಗಾರನ ಕಾರಿನಲ್ಲಿ ಸಿ.ಬಿ. ರೇಡಿಯೋ, ಅಂದರೆ ವಾಹನದವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ರೇಡಿಯೋ, ಇತ್ತು. ಮಿಡಲ್‌ಟೌನ್‌ನಲ್ಲಿ ಪೊಲೀಸರು, ಅಗ್ನಿಶಾಮಕದವರು ಸೇರುತ್ತಿದ್ದಾರೆ ಎಂಬ ಮಾತು ಅದರಲ್ಲಿ ಅವನ ಕಿವಿಗೆ ಬಿತ್ತು. ಅವನು ಕೇಂದ್ರಕ್ಕೆ ತಿಳಿಸಿದ. ಸುದ್ದಿ ವಿಭಾಗದ ಮುಖ್ಯಸ್ಥ ಸ್ಥಾವರಕ್ಕೆ ಫೋನ್ ಮಾಡಿದರೆ, ಆಪರೇಟರ್ ತಪ್ಪಿ ನೇರ ಕಂಟ್ರೋಲ್ ರೂಮಿಗೇ ಕೊಟ್ಟುಬಿಟ್ಟರು. ಈಗ ಮಾತಾಡಲು ಆಗುವುದಿಲ್ಲ, ಇಲ್ಲೊಂದು ತೊಂದರೆ ಇದೆ ಎಂದಿತು ಆ ಕಡೆಯ ದನಿ. 8:25ಕ್ಕೆ ಸುದ್ದಿ ರೇಡಿಯೋದಲ್ಲಿ ಬಂತು. ಒಂಬತ್ತು ದಾಟುತ್ತಿದ್ದಂತೆ ಸುದ್ದಿ ಸಂಸ್ಥೆ ಎಪಿ ಅದನ್ನು ದೇಶಕ್ಕೆಲ್ಲ ಕಳಿಸಿತು.

ಜನರ ಸುರಕ್ಷತೆಯ ಮಾತು ಜನರಿಗೆ ಬಂದದ್ದು ಟ್ರಾಫಿಕ್ ವರದಿಗಾರನ ಕಿವಿ ಚುರುಕಾಗಿದ್ದುದರಿಂದ. ಸ್ಥಾವರದಿಂದ ಊರಿಗೆ ಬರಲು ಅದಕ್ಕೆ ಬೇರೆ ನೆಟ್ಟಗಿನ ದಾರಿಯೇ ಇರಲಿಲ್ಲ. ಸ್ಥಾವರದಿಂದ ರಾಜ್ಯಕ್ಕೆ, ಕೌಂಟಿಗೆ (ನಮ್ಮ ಜಿಲ್ಲೆಯಂಥದ್ದು) ಫೋನ್ ಇತ್ತು. ಮನೆಯಲ್ಲಿ ಮಗುವಿಗೆ ತಿಂಡಿ ತಿನ್ನಿಸುತ್ತಿದ್ದ ತಾಯಿಗೆ ಯಾರು ಹೇಳಬೇಕು, ಎಷ್ಟು ಹೊತ್ತಿನೊಳಗೆ, ಯಾವ ಮಾತಿನಲ್ಲಿ ಎಂಬುದು ಯಾವ ಹಾಳೆಯಲ್ಲೂ ಗಟ್ಟಿಯಾಗಿ ಬರೆದಿರಲಿಲ್ಲ.

ಹನ್ನೊಂದರ ಸುಮಾರಿಗೆ, ರಾಜ್ಯಾಡಳಿತದಲ್ಲಿ ಗವರ್ನರ್ ನಂತರದವರಾದ ಲೆಫ್ಟಿನೆಂಟ್ ಗವರ್ನರ್ ವಿಲಿಯಂ ಸ್ಕ್ರಾಂಟನ್ ಪತ್ರಕರ್ತರ ಮುಂದೆ ಬಂದರು. ಎಲ್ಲವೂ ಹಿಡಿತದಲ್ಲಿದೆ ಎಂಬ ಹೇಳಿಕೆ ಓದಿದರು. ಅದೇ ಗೋಷ್ಠಿಯಲ್ಲಿ ಪಕ್ಕದಲ್ಲಿದ್ದ ಡಾರ್ನ್‌ಸೈಫ್, ಸಣ್ಣ ಪ್ರಮಾಣದಲ್ಲಿ ವಿಕಿರಣದ ಅಯೋಡಿನ್ ಪತ್ತೆಯಾಗಿದೆ ಎಂದರು. ಅದೇ ಹೊತ್ತಿಗೆ ಕಂಪನಿ ಏನೂ ಹೊರಗೆ ಬಂದಿಲ್ಲ ಎನ್ನುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಸ್ಥಾವರದವರು ಹಬೆ ಹೊರಬಿಟ್ಟಿದ್ದೂ ಸ್ಕ್ರಾಂಟನ್ ಅವರಿಗೆ ತಡವಾಗಿ ಗೊತ್ತಾಯಿತು. ಪತ್ರಕರ್ತರಿಗೆ ಅದನ್ನೇಕೆ ಹೇಳಲಿಲ್ಲ ಎಂದು ಕಂಪನಿಯ ಉಪಾಧ್ಯಕ್ಷ ಜಾಕ್ ಹರ್ಬೈನ್ ಅವರನ್ನು ಕೇಳಿದಾಗ, ಆ ವಿಷಯ ಬರಲಿಲ್ಲ ಎಂಬ ಉತ್ತರ ಸಿಕ್ಕಿತು. ಸಂಜೆ ನಾಲ್ಕೂವರೆಗೆ ಸ್ಕ್ರಾಂಟನ್ ಮತ್ತೆ ಬಂದು, ಕಂಪನಿ ಮೊದಲು ನಮಗೆ ತಿಳಿಸಿದ್ದಕ್ಕಿಂತ ಪರಿಸ್ಥಿತಿ ಸಂಕೀರ್ಣವಾಗಿದೆ ಎಂದರು. ಒಂದೇ ದಿನದಲ್ಲಿ ಮೂರು ಬಾಯಿ, ಮೂರು ಮಾತು. ಅಂದಿನಿಂದ ಕಂಪನಿಯ ಮಾತನ್ನು ಯಾರೂ ನಂಬಲಿಲ್ಲ.

ಗೋಲ್ಡ್ಸ್‌ಬರೋದಲ್ಲಿ ಬಾಗಿಲು ತಟ್ಟಿದವರು

ಈ ಇಡೀ ಪ್ರಕರಣದಲ್ಲಿ ನನಗೆ ತುಂಬಾ ಹತ್ತಿರವಾದ ಭಾಗ ಇದು. ದ್ವೀಪದ ಪಶ್ಚಿಮಕ್ಕೆ, ನದಿಯ ಆಚೆ ದಡದಲ್ಲಿ ಗೋಲ್ಡ್ಸ್‌ಬರೋ ಎಂಬ ಪುಟ್ಟ ಊರು. ಕೆಲವು ನೂರು ಜನ. ಅಂಗಳದಲ್ಲಿ ನಿಂತರೆ ಕೂಲಿಂಗ್ ಟವರುಗಳು ಎದುರಿಗೇ ಕಾಣುತ್ತವೆ. ಬುಧವಾರ ರಾತ್ರಿ ಅಲ್ಲಿನ ಮೇಯರ್ ಕೆನ್ ಮೈಯರ್ಸ್ ಊರ ಸಮಿತಿಯವರನ್ನು ಸೇರಿಸಿದರು. ಕೈಯಲ್ಲಿದ್ದ ಯೋಜನೆ ನೋಡಿದರು. ಆಮೇಲೆ ಎಲ್ಲರೂ ಎದ್ದು ಮನೆಮನೆಗೆ ಹೋದರು.

ಹೋಗಿ ಏನು ಹೇಳಿದರು? ರೇಡಿಯೋ, ಟಿ.ವಿ.ಯಲ್ಲಿ ಕೇಳಿದ್ದನ್ನು, ಕೌಂಟಿಯ ಕಚೇರಿಯಿಂದ ತಿಳಿದದ್ದನ್ನು ಹೇಳಿದರು. ಗವರ್ನರ್ ಹೊರಡಿ ಎಂದರೆ ಹೇಗೆ ಹೊರಡಬೇಕು ಎಂದು ವಿವರಿಸಿದರು. ಎಲ್ಲರೂ ಕೇಳಿಸಿಕೊಂಡರು. ಕೇಳಿಸಿಕೊಂಡ ಮೇಲೆ ಒಂದೇ ಪ್ರಶ್ನೆ ಕೇಳಿದರು. ನಾವು ಇರಬೇಕೋ, ಹೋಗಬೇಕೋ? ನಿಮ್ಮ ಬುದ್ಧಿಗೆ ತೋಚಿದ ಹಾಗೆ ಮಾಡಿ, ಮನೆ ಬಿಡಿ ಎಂದು ಹೇಳುವ ಧೈರ್ಯ ನಮಗಿಲ್ಲ ಎಂದರಂತೆ ಮೇಯರ್.

ಈ ಉತ್ತರವನ್ನು ನಾನು ತಪ್ಪು ಎನ್ನಲಾರೆ. ಅವರ ಬಳಿ ಬೇರೆ ಉತ್ತರ ಇರಲಿಲ್ಲ. ಆದರೆ ಬಾಗಿಲು ತಟ್ಟಿದ್ದು ಎಷ್ಟು ದೊಡ್ಡ ಕೆಲಸ ನೋಡಿ. ಐದು ದಿನಗಳಲ್ಲಿ ಜನ ಕಣ್ಣಲ್ಲಿ ಕಣ್ಣಿಟ್ಟು ಪ್ರಶ್ನೆ ಕೇಳಲು ಸಾಧ್ಯವಾದದ್ದು ಇಂಥ ಕಡೆ ಮಾತ್ರ. ಸಂದೇಶ ಹೊತ್ತವರು ಊರಿನವರೇ ಆಗಿದ್ದರು. ಕುಂಟುತ್ತಿದ್ದುದು ಹೊತ್ತ ಸಂದೇಶ. ಆ ಸಂದೇಶವನ್ನು ಗಟ್ಟಿ ಮಾಡಿಕೊಡಬೇಕಾದ ಕಂಪನಿ, ರಾಜ್ಯ, ಕೇಂದ್ರ ಮೂರೂ ಆಗ ಒಂದನ್ನೊಂದು ಹುಡುಕುತ್ತಿದ್ದವು.

ಶುಕ್ರವಾರ: 1,200 ಎಂಬ ಒಂದು ಸಂಖ್ಯೆ

ಗುರುವಾರ ಸ್ವಲ್ಪ ತಣ್ಣಗಿತ್ತು. ಎಲ್ಲ ಕೆಟ್ಟದ್ದೂ ಒಟ್ಟಿಗೆ ಬಂದದ್ದು ಮಾರ್ಚ್ 30ರ ಶುಕ್ರವಾರ.

ಬೆಳಗ್ಗೆ ಸ್ಥಾವರದವರು ಒಂದು ಟ್ಯಾಂಕಿನ ಅನಿಲವನ್ನು ಇನ್ನೊಂದಕ್ಕೆ ಸಾಗಿಸುತ್ತಿದ್ದರು. ದಾರಿಯಲ್ಲಿ ಸೋರಿಕೆ ಇರುವುದರಿಂದ ಸ್ವಲ್ಪ ಹೊರಗೆ ಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಎಂಟು ಗಂಟೆ ಸುಮಾರಿಗೆ ಚಿಮಣಿಯ ಮೇಲೆ ಹಾರುತ್ತಿದ್ದ ಹೆಲಿಕಾಪ್ಟರ್ ವಿಕಿರಣ ಅಳೆದಾಗ ಗಂಟೆಗೆ 1,200 ಮಿಲಿರೆಮ್ (ವಿಕಿರಣದ ಒಂದು ಅಳತೆ) ಬಂತು. ಚಿಮಣಿಯ ಬಾಯಿಂದ ನಲವತ್ತು ಮೀಟರ್ ಮೇಲಿನ ಅಳತೆ ಅದು. ನೆಲಕ್ಕೆ ಬರುವ ಹೊತ್ತಿಗೆ ಗಾಳಿಯಲ್ಲಿ ಚದುರಿ ತೀರಾ ಕಡಿಮೆಯಾಗಿರುತ್ತದೆ.

ಅದೇ ಹೊತ್ತಿಗೆ ವಾಷಿಂಗ್ಟನ್ ಪಕ್ಕದ ಬೆಥೆಸ್ಡಾದಲ್ಲಿ ನಿಯಂತ್ರಣ ಆಯೋಗದವರು ಕೂತು ಲೆಕ್ಕ ಹಾಕುತ್ತಿದ್ದರು. ಟ್ಯಾಂಕುಗಳು ತುಂಬಿ ಅನಿಲ ಹೊರಗೆ ಹೋದರೆ ಸ್ಥಾವರದ ಗಡಿಯಲ್ಲಿ, ನೆಲದ ಮಟ್ಟದಲ್ಲಿ ಎಷ್ಟು ವಿಕಿರಣ ಇರಬಹುದು? ಲೆಕ್ಕಕ್ಕೆ ಬಂದ ಉತ್ತರ ಗಂಟೆಗೆ 1,200 ಮಿಲಿರೆಮ್. ಆ ಮಾತು ಕೋಣೆಯಲ್ಲಿ ಹೊರಬಿದ್ದ ಸ್ವಲ್ಪ ಹೊತ್ತಿಗೇ ಹೆಲಿಕಾಪ್ಟರಿನ 1,200 ಬಂತು. ಎರಡೂ ಒಂದೇ ಎಂದುಕೊಂಡರು. ಎಲ್ಲಿ ಅಳೆದದ್ದು ಎಂದು ಕೇಳಿ ಖಚಿತ ಮಾಡಿಕೊಳ್ಳಲು ಯಾರೂ ನಿಲ್ಲಲಿಲ್ಲ. ಸ್ಥಾವರದ ಜೊತೆ ಸಂಪರ್ಕ ಸರಿಯಾಗಿರಲಿಲ್ಲ. ಕೇಳಬೇಕೆಂದರೂ ಸುಲಭವಾಗಿರಲಿಲ್ಲ.

ಒಂಬತ್ತು ದಾಟಿದ ಮೇಲೆ ಆಯೋಗದಿಂದ ರಾಜ್ಯದ ತುರ್ತು ಸಂಸ್ಥೆಗೆ ಫೋನ್ ಬಂತು. ಜನರನ್ನು ತೆರವು ಮಾಡಿಸಿ ಎಂಬ ಸಲಹೆ. ಅಲ್ಲಿಂದ ಸ್ಥಾವರ ಇರುವ ಡಾಫಿನ್ ಕೌಂಟಿಯ ತುರ್ತು ವಿಭಾಗದ ಮುಖ್ಯಸ್ಥ ಕೆವಿನ್ ಮೊಲ್ಲಾಯ್ ಅವರಿಗೆ ಮಾತು ಹೋಯಿತು. ಐದು ನಿಮಿಷದಲ್ಲಿ ತೆರವಿನ ಆದೇಶ ಬರಲಿದೆ ಎಂದು. ಅವರು ಕರ್ತವ್ಯದ ಮನುಷ್ಯ. 16 ಕಿಲೋಮೀಟರ್ ಒಳಗಿನ ಎಲ್ಲ ಅಗ್ನಿಶಾಮಕ ದಳಗಳಿಗೆ ತಿಳಿಸಿದರು. ತೆರವು ಆಗಬಹುದು ಎಂದು ರೇಡಿಯೋದಲ್ಲೂ ಹೇಳಿದರು. ಐದು ನಿಮಿಷ ಹೋಯಿತು. ಆದೇಶ ಬರಲಿಲ್ಲ.

ಬರದೇ ಇರಲು ಕಾರಣವಿತ್ತು. ರಾಜ್ಯದ ವಿಕಿರಣ ವಿಭಾಗದವರು ಅಷ್ಟರಲ್ಲಿ ಸ್ಥಾವರಕ್ಕೆ ಮಾತಾಡಿ, ತೆರವಿನ ಅಗತ್ಯವೇ ಇಲ್ಲ ಎಂದು ತಿಳಿದುಕೊಂಡಿದ್ದರು. ಆದರೆ ಅದನ್ನು ಗವರ್ನರ್ ಕಚೇರಿಗೆ ಹೇಳಲು ಫೋನ್ ಸಿಗಲಿಲ್ಲ. ಊರಿನವರೆಲ್ಲ ಫೋನ್ ಹಿಡಿದಿದ್ದರಿಂದ ಲೈನುಗಳು ಕಟ್ಟಿಕೊಂಡಿದ್ದವು. ಕೊನೆಗೆ ಅಧಿಕಾರಿಗಳೇ ಎದ್ದು, ಹಂಚಿಕೊಂಡು ಕಚೇರಿಗಳಿಗೆ ಹೋಗಿ ಬಾಯಲ್ಲಿ ಹೇಳಬೇಕಾಯಿತು. ವಿಜ್ಞಾನ ಗೊತ್ತಿದ್ದವರು ಹಾಗೆ ಓಡಾಡುತ್ತಿದ್ದಾಗ, ತಪ್ಪು ಲೆಕ್ಕ ರೇಡಿಯೋದಲ್ಲಿ ಹೊರಟಾಗಿತ್ತು.

ಗವರ್ನರ್ ರಿಚರ್ಡ್ ಥಾರ್ನ್‌ಬರ್ಗ್ ಅಧಿಕಾರ ಹಿಡಿದು ಮೂರು ತಿಂಗಳೂ ಆಗಿರಲಿಲ್ಲ. ಅವರು ಆಯೋಗದ ಅಧ್ಯಕ್ಷ ಜೋಸೆಫ್ ಹೆಂಡ್ರಿ ಜೊತೆ ಮಾತಾಡಿದರು. ಆ ಬೆಳಗ್ಗೆ ಹೆಂಡ್ರಿ ತಮ್ಮ ಸಹೋದ್ಯೋಗಿಗಳಿಗೆ ಹೇಳಿದ ಮಾತು ದಾಖಲಾಗಿದೆ. ಗವರ್ನರ್ ಬಳಿ ಇರುವ ಮಾಹಿತಿ ಗೊಂದಲದ್ದು, ನನ್ನ ಬಳಿ ಇರುವುದು ಏನೂ ಇಲ್ಲ, ಇಬ್ಬರು ಕುರುಡರು ತಡವರಿಸುತ್ತಾ ತೀರ್ಮಾನ ತೆಗೆದುಕೊಳ್ಳುತ್ತಿರುವ ಹಾಗಿದೆ ಎಂದಿದ್ದರು. ಹತ್ತು ಗಂಟೆಯ ನಂತರ ಗವರ್ನರ್ 16 ಕಿಲೋಮೀಟರ್ ಒಳಗಿನವರು ಮನೆಯೊಳಗೇ ಇರಿ ಎಂದರು. ಹನ್ನೊಂದು ದಾಟಿದ ಮೇಲೆ ಹ್ಯಾರಿಸ್‌ಬರ್ಗ್‌ನಲ್ಲಿ ವಾಯುದಾಳಿಯ ಸೈರನ್ ಒಂದು ಮೊಳಗಿತು. ಹೀಗೆ ಕೂಗಿದರೆ ಏನರ್ಥ ಎಂದು ಯಾರೂ ಜನರಿಗೆ ಕಲಿಸಿರಲಿಲ್ಲ. ಬೀದಿಗಳಲ್ಲಿ ಗಾಬರಿ ಹಬ್ಬಿತು. ಹನ್ನೆರಡೂವರೆಗೆ ಗವರ್ನರ್ ಮತ್ತೆ ಬಂದರು. 8 ಕಿಲೋಮೀಟರ್ ಒಳಗಿನ ಗರ್ಭಿಣಿಯರು ಮತ್ತು ಶಾಲೆಗೆ ಹೋಗುವ ವಯಸ್ಸಾಗದ ಮಕ್ಕಳು ಹೊರಡುವುದು ಒಳ್ಳೆಯದು ಎಂದರು. ಶಾಲೆಗಳು ಮುಚ್ಚಿದವು.

ಒಂದೇ ಬೆಳಗ್ಗೆ ಒಂದು ಮನೆಗೆ ಬಂದ ಮಾತುಗಳನ್ನು ಸಾಲಾಗಿ ಇಟ್ಟು ನೋಡಿ. ಹೊರಡಬೇಕಾಗಬಹುದು. ಒಳಗೇ ಇರಿ. ಸೈರನ್. ಪುಟ್ಟ ಮಕ್ಕಳಿದ್ದರೆ ಹೊರಡಿ. ಐದು ವರ್ಷದ ಮಗುವಿಗೆ ಅಪಾಯ, ಎಂಟು ವರ್ಷದ ಅಕ್ಕನಿಗೆ ಇಲ್ಲವೇ? ಅಪ್ಪ ಅಮ್ಮ ಹಾಗೆ ಯೋಚಿಸಿಯೇ ಯೋಚಿಸುತ್ತಾರೆ. ಕೇಳಿಕೊಂಡದ್ದು ಕೆಲವು ಸಾವಿರ ಜನರನ್ನು ಮಾತ್ರ. ಮನೆ ಬಿಟ್ಟು ಹೋದವರು ಸುಮಾರು 1,44,000 ಎಂದು ಆಮೇಲಿನ ಸಮೀಕ್ಷೆ ಅಂದಾಜಿಸಿತು. ಇದನ್ನು ಜನರ ಹುಚ್ಚು ಗಾಬರಿ ಎಂದು ಬರೆದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಅವರು ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ನೆಂಟರ ಮನೆಗೆ ಹೋದರು, ಅಷ್ಟೇ. ಮಾತು ಒಂದಕ್ಕೊಂದು ಕೂಡದಿದ್ದಾಗ ಯಾರೇ ಆದರೂ ಮಾಡುವ ಬುದ್ಧಿವಂತಿಕೆಯ ಕೆಲಸ ಅದು.

ಆ ಬೆಳಗ್ಗೆಯೇ ಪತ್ರಕರ್ತರು ಹರ್ಬೈನ್ ಅವರನ್ನು ಬಿಡದೆ ಕೇಳುತ್ತಿದ್ದಾಗ, ನಾವು ಮಾಡುವ ಪ್ರತಿಯೊಂದನ್ನೂ ನಿಮಗೆ ಯಾಕೆ ಹೇಳಬೇಕು ಅಂತ ನನಗೆ ಗೊತ್ತಾಗುವುದಿಲ್ಲ ಎಂಬರ್ಥದ ಮಾತು ಅವರ ಬಾಯಿಂದ ಬಂತು. ದಣಿದಿದ್ದರು, ನಿಜ. ಆದರೆ ಆ ಒಂದು ವಾಕ್ಯ ಉಳಿದುಕೊಂಡಿತು.

ಒಂದು ಬಾಯಿ

ಆ ಮಧ್ಯಾಹ್ನ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್, ನಿಯಂತ್ರಣ ಆಯೋಗದ ಹಿರಿಯ ಅಧಿಕಾರಿ ಹೆರಾಲ್ಡ್ ಡೆಂಟನ್ ಅವರನ್ನು ಸ್ಥಾವರಕ್ಕೇ ಕಳಿಸಿದರು. ಶ್ವೇತಭವನದ ಸಂಪರ್ಕ ತಂಡ ಬಂದು ಸ್ಥಾವರ, ಗವರ್ನರ್, ಆಯೋಗ, ಶ್ವೇತಭವನ ಇಷ್ಟನ್ನೂ ಜೋಡಿಸುವ ಲೈನುಗಳನ್ನು ಹಾಕಿತು. ಊರಿನ ಫೋನ್ ಕಟ್ಟಿಕೊಂಡರೂ ಇವು ಕಟ್ಟುವುದಿಲ್ಲ. ಸ್ಥಾವರದ ಸ್ಥಿತಿಯ ಬಗ್ಗೆ ಡೆಂಟನ್ ಒಬ್ಬರೇ ಮಾತಾಡುವುದು, ತೆರವಿನ ಬಗ್ಗೆ ಗವರ್ನರ್ ಒಬ್ಬರೇ ಮಾತಾಡುವುದು ಎಂದು ಗೊತ್ತುಮಾಡಿದರು.

ಡೆಂಟನ್ ದಕ್ಷಿಣದ ನಿಧಾನದ ಮಾತಿನವರು. ಗೊತ್ತಿದ್ದನ್ನು ಗೊತ್ತಿದೆ ಎನ್ನುತ್ತಿದ್ದರು, ಇಲ್ಲದ್ದನ್ನು ಇಲ್ಲ ಎನ್ನುತ್ತಿದ್ದರು. ರಿಯಾಕ್ಟರ್ ಶುಕ್ರವಾರಕ್ಕಿಂತ ಶನಿವಾರ ಹೆಚ್ಚು ಸುರಕ್ಷಿತವಾಗೇನೂ ಇರಲಿಲ್ಲ. ಶನಿವಾರ ರಾತ್ರಿಯಂತೂ ಒಳಗಿನ ಹೈಡ್ರೋಜನ್ ಗುಳ್ಳೆ ಸಿಡಿಯಬಹುದು ಎಂಬ ಸುದ್ದಿ ಹಬ್ಬಿ ಮತ್ತೆ ಗಾಬರಿಯಾಯಿತು. ಆ ಭಯಕ್ಕೆ ಆಧಾರವಾದ ಲೆಕ್ಕವೇ ತಪ್ಪು ಎಂದು ಭಾನುವಾರ ಗೊತ್ತಾಯಿತು. ಒತ್ತಡದ ನೀರಿನೊಳಗೆ ಸಿಡಿಯಲು ಬೇಕಾದ ಆಮ್ಲಜನಕವೇ ಇರಲಿಲ್ಲ. ಭಾನುವಾರ, ಏಪ್ರಿಲ್ 1ರಂದು ಕಾರ್ಟರ್ ದಂಪತಿ ಸ್ಥಾವರದೊಳಗೆ ಹೋಗಿ ಬಂದರು. ಅಣು ಎಂಜಿನಿಯರಿಂಗ್ ಓದಿದ್ದ ಅಧ್ಯಕ್ಷ ಹಳದಿ ಬೂಟು ಹಾಕಿಕೊಂಡು ಕಂಟ್ರೋಲ್ ರೂಮಿನಲ್ಲಿ ನಿಂತ ಚಿತ್ರ ಯಾವ ಪ್ರಕಟಣೆಗಿಂತಲೂ ಹೆಚ್ಚು ಕೆಲಸ ಮಾಡಿತು.

ಅದೇ ದಿನಗಳಲ್ಲಿ ಕೌಂಟಿಗಳ ತುರ್ತು ಕಚೇರಿಗಳಲ್ಲಿ ಯಾರೂ ಮಲಗಿರಲಿಲ್ಲ. ಅವರ ಬಳಿ ಇದ್ದದ್ದು 8 ಕಿಲೋಮೀಟರಿನ ಯೋಜನೆ. ಅದನ್ನು 16ಕ್ಕೆ, ಶುಕ್ರವಾರ ರಾತ್ರಿಯಿಂದ 32ಕ್ಕೆ ಬೆಳೆಸಿ ಎಂದರು. ಎಂಟು ಕಿಲೋಮೀಟರ್ ಅಂದರೆ ಸುಮಾರು 25,000 ಜನ, ಒಂದೂ ಆಸ್ಪತ್ರೆ ಇಲ್ಲ. ಮೂವತ್ತೆರಡು ಅಂದರೆ ಆರು ಕೌಂಟಿ, ಆರೂವರೆ ಲಕ್ಷ ಜನ, ಹತ್ತಕ್ಕೂ ಹೆಚ್ಚು ಆಸ್ಪತ್ರೆ. ಹಾಸಿಗೆ ಹಿಡಿದವರನ್ನು ಯಾವ ಗಾಡಿಯಲ್ಲಿ, ಎಲ್ಲಿಗೆ? ವಾರಾಂತ್ಯದಲ್ಲಿ ಕೂತು ಬರೆಯುವ ವಿಷಯವೇ ಇದು? ಥೈರಾಯ್ಡ್ ಕಾಪಾಡುವ ಪೊಟ್ಯಾಸಿಯಮ್ ಅಯೋಡೈಡ್ ಔಷಧಿಯೂ ಕೈಯಲ್ಲಿರಲಿಲ್ಲ. ಅವಸರದಲ್ಲಿ ಮಾಡಿಸಿ ಎರಡು ಲಕ್ಷಕ್ಕೂ ಹೆಚ್ಚು ಪುಟ್ಟ ಬಾಟಲಿ ತರಿಸಿದರು. ಮೊದಲ ಕಂತಿನಲ್ಲಿ ಬಂದ ಬಾಟಲಿಗಳ ಮೇಲೆ ಚೀಟಿಯೇ ಇರಲಿಲ್ಲ. ಹಂಚುವ ಸಂದರ್ಭ ಬರಲಿಲ್ಲ, ಪುಣ್ಯ.

ಗರ್ಭಿಣಿಯರಿಗೆ ಕೊಟ್ಟ ಸಲಹೆಯನ್ನು ಏಪ್ರಿಲ್ 9ರಂದು ತೆಗೆದರು. ಸುತ್ತಲ ಸುಮಾರು 20 ಲಕ್ಷ ಜನರಿಗೆ ಸರಾಸರಿ ತಗುಲಿದ ವಿಕಿರಣ ಒಂದು ಮಿಲಿರೆಮ್ ಆಸುಪಾಸು. ಎದೆಯ ಒಂದು ಎಕ್ಸ್‌ರೇಗಿಂತ ಕಡಿಮೆ. ಜಾನ್ ಕೆಮೆನಿ ನೇತೃತ್ವದ ಅಧ್ಯಕ್ಷೀಯ ಆಯೋಗ ಆ ವರ್ಷದ ಅಕ್ಟೋಬರಿನಲ್ಲಿ ಕೊಟ್ಟ ವರದಿಯ ಪ್ರಕಾರ, ಜನರ ಆರೋಗ್ಯಕ್ಕೆ ಆದ ದೊಡ್ಡ ಪೆಟ್ಟು ಮನಸ್ಸಿನ ಮೇಲಿನದು. ವಾಲ್ವಿನಿಂದ ಸೋರಿದ್ದಕ್ಕಿಂತ ಬಾಯಿಂದ ಬಾಯಿಗೆ ಸೋರಿದ್ದೇ ಊರಿಗೆ ಜಾಸ್ತಿ ತಾಗಿತು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಆಮೇಲೆ ಬಂದ ನಿಯಮ, ಮತ್ತು ನಮ್ಮ ಕೈಗಾ

1980ರಲ್ಲಿ ಅಮೆರಿಕ ಹೊಸ ನಿಯಮ ಮಾಡಿತು. ಪ್ರತಿ ಸ್ಥಾವರದ ಸುತ್ತ ಸುಮಾರು 16 ಕಿಲೋಮೀಟರಿಗೆ ಮೊದಲೇ ತೆರವಿನ ಯೋಜನೆ, 80 ಕಿಲೋಮೀಟರಿಗೆ ಹಾಲು, ನೀರು, ಬೆಳೆಯ ಮೇಲೆ ಕಣ್ಣು. ತುರ್ತು ಘೋಷಿಸಿದ 15 ನಿಮಿಷದೊಳಗೆ ಸ್ಥಾವರ ರಾಜ್ಯಕ್ಕೂ ಸ್ಥಳೀಯರಿಗೂ ತಿಳಿಸಬೇಕು. ಹೇಳಬೇಕು ಎಂದು ಅಧಿಕಾರಿಗಳು ತೀರ್ಮಾನಿಸಿದರೆ, ಜನರಿಗೆ 15 ನಿಮಿಷದ ಆಸುಪಾಸಿನಲ್ಲಿ ಮುಟ್ಟಿಸುವ ಸೈರನ್ ಮುಂತಾದ ಏರ್ಪಾಡು ಇರಬೇಕು. ತುರ್ತಿಗೆ ನಾಲ್ಕು ಮಟ್ಟ, ಎಲ್ಲ ಸ್ಥಾವರಕ್ಕೂ ಅವೇ ಹೆಸರು. ಕಾಲಕಾಲಕ್ಕೆ ಪೂರ್ತಿ ಅಣಕು ಕಾರ್ಯಾಚರಣೆ. ಸೈರನ್ ಕೂಗಿದರೆ ಏನು ಮಾಡಬೇಕು ಎಂದು ತಿಳಿಸುವ ಹಾಳೆ ಪ್ರತಿ ಮನೆಗೆ. ಕಂಪನಿ, ರಾಜ್ಯ, ಕೇಂದ್ರ ಒಂದೇ ಕೋಣೆಯಲ್ಲಿ ಕೂತು ಪತ್ರಕರ್ತರಿಗೆ ಮಾತಾಡುವ ಜಂಟಿ ಮಾಹಿತಿ ಕೇಂದ್ರ. ಒಂದೊಂದರ ಹಿಂದೆಯೂ ಆ ಐದು ದಿನಗಳ ಒಂದೊಂದು ಎಡವಟ್ಟು ಇದೆ.

ಇಷ್ಟೆಲ್ಲ ಇದ್ದರೂ ತಪ್ಪು ಬೇರೆ ಬಾಗಿಲಿನಿಂದ ಬರುತ್ತದೆ. 2020ರ ಜನವರಿ 12ರ ಭಾನುವಾರ ಬೆಳಗ್ಗೆ ಕೆನಡಾದ ಒಂಟಾರಿಯೋ ಪ್ರಾಂತ್ಯದ ಎಲ್ಲರ ಫೋನೂ ಕೂಗಿದವು. ಪಿಕರಿಂಗ್ ಅಣು ಸ್ಥಾವರದಲ್ಲಿ ಒಂದು ಘಟನೆ ಆಗಿದೆ ಎಂಬ ಸಂದೇಶ. ಟೊರಾಂಟೋ ಸುತ್ತ ಇರುವ ನಮ್ಮ ಕನ್ನಡದವರಲ್ಲೂ ಎಷ್ಟೋ ಜನ ಹಾಸಿಗೆಯಿಂದ ಎದ್ದದ್ದು ಅದೇ ಕೂಗಿಗೆ. ಏನೂ ಆಗಿರಲಿಲ್ಲ. ಪಾಳಿ ಬದಲಾಗುವ ಹೊತ್ತಿನ ಪರೀಕ್ಷೆಯಲ್ಲಿ ಸಿಬ್ಬಂದಿಯೊಬ್ಬರು ಪರೀಕ್ಷೆಯ ವ್ಯವಸ್ಥೆಯ ಬದಲು ನಿಜವಾದದ್ದನ್ನೇ ಒತ್ತಿದ್ದರು. ತಪ್ಪಾಗಿದೆ ಎಂದು ಎಲ್ಲ ಫೋನಿಗೂ ಮತ್ತೆ ಸಂದೇಶ ಬರಲು 108 ನಿಮಿಷ ಬೇಕಾಯಿತು. ಮೊದಲ ಸಂದೇಶಕ್ಕೆ ಒಂದು ಗುಂಡಿ ಸಾಕಾಗಿತ್ತು. ಅದನ್ನು ಹಿಂತೆಗೆದುಕೊಳ್ಳಲು ಯಾರನ್ನು ಕೇಳಬೇಕು ಎಂಬುದೇ ಅಲ್ಲಿನವರಿಗೆ ಗೊತ್ತಾಗಲಿಲ್ಲ.

ನಮ್ಮ ಕೈಗಾ ಇರುವುದು ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿಯ ದಂಡೆಯಲ್ಲಿ. 220 ಮೆಗಾವಾಟಿನ ನಾಲ್ಕು ಘಟಕ. ನಮ್ಮಲ್ಲೂ ತುರ್ತು ಯೋಜನೆಯ ವಲಯ 16 ಕಿಲೋಮೀಟರ್ ಎಂದೇ ಬೆಳೆದು ಬಂದದ್ದು. ತುರ್ತು ಸ್ಥಾವರದ ಬೇಲಿ ದಾಟಿ ಹೊರಗೆ ಬಂದರೆ ಮುಂದಾಳತ್ವ ಜಿಲ್ಲಾಧಿಕಾರಿಯದು. ಸ್ಥಾವರದವರು ಅಳೆದು ಹೇಳಬೇಕು, ಜನರಿಗೆ ಮಾತು ಮುಟ್ಟಿಸುವುದು, ಬಸ್ಸು ಹೊರಡಿಸುವುದು ಜಿಲ್ಲಾಡಳಿತ. ಎರಡು ವರ್ಷಕ್ಕೊಮ್ಮೆ ಇದರ ಅಣಕು ಕಾರ್ಯಾಚರಣೆಯೂ ಆಗಬೇಕು. ಈ ಹಂಚಿಕೆ ಚೆನ್ನಾಗಿದೆ ಎಂದೇ ನನ್ನ ಅಭಿಪ್ರಾಯ. ಹ್ಯಾರಿಸ್‌ಬರ್ಗಿನಲ್ಲಿ ಶುಕ್ರವಾರ ಮಧ್ಯಾಹ್ನದ ಮೇಲೆ ಕಷ್ಟಪಟ್ಟು ಗೊತ್ತುಮಾಡಿಕೊಂಡದ್ದು ಇಲ್ಲಿ ಮೊದಲೇ ಗೊತ್ತಾಗಿದೆ.

ಆದರೆ ಕಾಳಿ ಕಣಿವೆಯ ನೆಲ ಪೆನ್ಸಿಲ್ವೇನಿಯಾದ ಹಾಗಲ್ಲ. ಕಾಡಿನ ನಡುವೆ ದೂರ ದೂರ ಮನೆಗಳು. ಒಂದು ಗುಡ್ಡದ ಆಚೆ ಕೂಗಿದ ಸೈರನ್ ಈಚೆಗೆ ಕೇಳಿಸಬೇಕಲ್ಲ. ಮಾತು ಕೂಡ ಒಂದೇ ಅಲ್ಲ. ಮನೆಯಲ್ಲಿ ಕೊಂಕಣಿ ಆಡುವವರು ಜಾಸ್ತಿ, ಜೊತೆಗೆ ಕನ್ನಡ. 2023ರ ಅಕ್ಟೋಬರಿನಲ್ಲಿ ಕರ್ನಾಟಕದ ಮೊಬೈಲುಗಳೆಲ್ಲ ಒಟ್ಟಿಗೆ ಕೂಗಿದ್ದು ನೆನಪಿದೆ ಅಲ್ವಾ? ಕೇಂದ್ರ ಸರ್ಕಾರ ತುರ್ತು ಸಂದೇಶ ಕಳಿಸಿ ನೋಡಿದ ಪರೀಕ್ಷೆ ಅದು. ಒಳ್ಳೆಯ ದಾರಿ. ಆದರೆ ಸಿಗ್ನಲ್ ಇರುವ ಕಡೆಗೆ ಮಾತ್ರ ಆ ದಾರಿ.

ಅಲ್ಲಿನವರಿಗೆ ಎಚ್ಚರಿಕೆಯ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಳಿಯ ಕದ್ರಾ ಅಣೆಕಟ್ಟಿನ ಗೇಟು ತೆರೆದಾಗ ಕೆಳಗಿನ ಊರುಗಳಿಗೆ ನೀರು ನುಗ್ಗಿದ್ದನ್ನು 2019ರಲ್ಲೂ 2021ರಲ್ಲೂ ಕಂಡವರು ಅವರು. ನೀರು ಬರುತ್ತದೆ, ಎದ್ದು ಹೊರಡಿ ಎಂಬ ಮಾತು ಯಾರಿಂದ ಬಂದರೆ ನಂಬುತ್ತಾರೆ, ಯಾವ ದಾರಿಯಲ್ಲಿ ಬೇಗ ಮುಟ್ಟುತ್ತದೆ, ಮುದುಕರನ್ನು ಯಾರು ಎತ್ತಿಕೊಂಡು ಬರುತ್ತಾರೆ ಎಂಬುದು ಆ ಊರಿನವರಿಗೆ ಗೊತ್ತು. ಕೈಗಾದ ಯೋಜನೆ ಬರೆಯುವವರು ಮೊದಲು ಅವರ ಜಗಲಿಯಲ್ಲಿ ಕೂತು ಕೇಳಲಿ ಎಂಬುದು ನನ್ನ ಮನಸ್ಸಿನ ಮಾತು. ಹಾಗೆ ಕೇಳುವಾಗ ಗೋಲ್ಡ್ಸ್‌ಬರೋದ ಪ್ರಶ್ನೆಗೂ ಉತ್ತರ ಬರೆದಿಟ್ಟುಕೊಳ್ಳಲಿ. ಇರಬೇಕೋ ಹೋಗಬೇಕೋ ಎಂದು ಕೈಗಾ ಪಕ್ಕದ ಮಲ್ಲಾಪುರದ ಒಬ್ಬ ತಾಯಿ ಬಾಗಿಲಲ್ಲಿ ನಿಂತು ಕೇಳಿದರೆ, ಎದುರಿಗಿರುವ ಗ್ರಾಮ ಪಂಚಾಯಿತಿ ಸದಸ್ಯನ ಕೈಯಲ್ಲಿ ಯಾವ ವಾಕ್ಯ ಇರಬೇಕು?

ತ್ರೀ ಮೈಲ್ ಐಲ್ಯಾಂಡಿನ ಎರಡನೇ ಘಟಕ ಮತ್ತೆ ಎಂದೂ ನಡೆಯಲಿಲ್ಲ. ಪಕ್ಕದ ಮೊದಲ ಘಟಕವನ್ನು 2019ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿದರು. ಈಗ ಮೈಕ್ರೋಸಾಫ್ಟ್ ಕಂಪನಿಗೆ ವಿದ್ಯುತ್ ಮಾರುವ ಒಪ್ಪಂದದ ಮೇಲೆ ಅದನ್ನು ಮತ್ತೆ ನಡೆಸುತ್ತೇವೆ ಎಂದು 2024ರಲ್ಲಿ ಮಾಲೀಕರು ಘೋಷಿಸಿದ್ದಾರೆ. ನಿಂತ ಸ್ಥಾವರಕ್ಕೆ ಬೇಕಾದ ತುರ್ತು ಯೋಜನೆ ಚಿಕ್ಕದು. ನಡೆಯುವ ಸ್ಥಾವರಕ್ಕೆ 16 ಕಿಲೋಮೀಟರಿನದು ಬೇಕು. ಮಿಡಲ್‌ಟೌನ್, ಗೋಲ್ಡ್ಸ್‌ಬರೋದ ಮನೆಗಳಲ್ಲಿ ಈಗ ಇರುವವರಲ್ಲಿ ಎಷ್ಟೋ ಜನ 1979ರಲ್ಲಿ ಹುಟ್ಟಿಯೇ ಇರಲಿಲ್ಲ. ಸೈರನ್ ಕೂಗಿದರೆ ಏನರ್ಥ ಎಂಬುದನ್ನು ಅವರಿಗೆ ಮೊದಲಿನಿಂದ ಹೇಳಬೇಕು.